ಪ್ರೋಗ್ರಾಂ ಇಲ್ಲ ಎಂದಿದ್ದೆ

ಮೊನ್ನೆ ದೋಹಾದ ಐನ್ ಖಾಲಿದ್‌ನ ಕ್ಲಿನಿಕ್ಕಿನಲ್ಲಿ ಪಕ್ಕದಲ್ಲಿ ಕೂತ ಸುಡಾನಿ ಹೆಂಗಸಿನ ಮೈಯಿಂದ ಗಂಧದ ಹೊಗೆಯ ವಾಸನೆ ಬಂತು. ಸಕ್ಕರೆ ಪಾಕದಲ್ಲಿ ಅದ್ದಿ ಕೆಂಡಕ್ಕೆ ಹಾಕುವ ಗಂಧದ ಚಕ್ಕೆ. ಎದುರು ಮನೆಯ ಹುಡುಗಿಯ ಬಟ್ಟೆಗೆಲ್ಲ ಅದೇ ವಾಸನೆ ಇರುತ್ತಿತ್ತು... ನರ್ಸು ಎರಡು ಸಲ ಕರೆದಳಂತೆ, ನನಗೆ ಕೇಳಲಿಲ್ಲ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಆಗ ನಾವು ಅಲ್ ಹಿಲಾಲ್‌ನಲ್ಲಿದ್ದೆವು. ಮೊಮ್ಮಗಳನ್ನು ನೋಡಿಕೊಳ್ಳಲಿಕ್ಕೆ ಮಗ ನನ್ನನ್ನು ಕರೆಸಿಕೊಂಡಿದ್ದ. ಎದುರು ಬಾಗಿಲು ಸುಡಾನಿನವರದ್ದು, ಉಳಿದದ್ದೆಲ್ಲ ಮಂಗಳೂರು, ಉಡುಪಿ ಕಡೆಯವರದ್ದು. ಆ ಹುಡುಗಿಗೆ ಒಂಬತ್ತು ವರ್ಷ, ನನ್ನ ಮೊಮ್ಮಗಳದ್ದೇ ಪ್ರಾಯ. ಶಾಲೆ ಬಿಟ್ಟರೆ ನಮ್ಮಲ್ಲೇ. ಕಾರಿಡಾರಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಕುಂಟೆಬಿಲ್ಲೆ ಆಡುವಳು. ತುಳುವಿನಲ್ಲಿ ಎಣಿಸುವಳು, ಸೋತರೆ ತುಳುವಿನಲ್ಲೇ ಬೈಯುವಳು. ಬೈಗಳು ಕಲಿಸಿದ್ದು ನಾನೇ. ನೀರುದೋಸೆ ಹನ್ನೊಂದು ತಿಂದದ್ದುಂಟು. ಶುಕ್ರವಾರ ಅವಳ ಅಮ್ಮ ಬಾಗಿಲು ತೆರೆದಿಟ್ಟು, ಎಣ್ಣೆ ಹಚ್ಚಿ, ಸಣ್ಣ ಸಣ್ಣ ಜಡೆ ಹಾಕುವಳು. ತಲೆ ಕೊಡಲಿಕ್ಕೆ ನನ್ನ ಮೊಮ್ಮಗಳೂ ಹಿಂದೆ ಕೂತು ಕಾಯುವಳು.

ಆ ವರ್ಷ ನಮ್ಮ ಕನ್ನಡದವರ ಕಾರ್ಯಕ್ರಮಕ್ಕೆ ಮಕ್ಕಳ ಕುಣಿತ ಅಂತಾಯಿತು. ಅವಳೂ ಸೇರಿದಳು, ಒಂದು ತಿಂಗಳು ಕಲಿತಳು. ಹೆಜ್ಜೆ ತಪ್ಪದವಳು ಅವಳೊಬ್ಬಳೇ. ಕೆಂಪು ಬಳೆ ತಂದು ಮನೆಮನೆಗೆ ಹೋಗಿ ತೋರಿಸಿದಳು.

ಎರಡು ದಿನ ಇರುವಾಗ ಕುಣಿತ ಕಲಿಸುವ ಹೆಂಗಸು ಇನ್ನಿಬ್ಬರನ್ನು ಕಟ್ಟಿಕೊಂಡು ನಮ್ಮಲ್ಲಿಗೆ ಬಂದಳು.

"ಅಷ್ಟು ಕಪ್ಪು, ಫೋಟೋದಲ್ಲಿ ಬೇರೆಯೇ ಕಾಣ್ತದೆ ಮಾರಾಯ್ರೆ. ಊರಿನವರೆಲ್ಲ ನೋಡುವಂಥದ್ದು. ನಿಮ್ಮ ಮಾತು ಕೇಳ್ತಾಳಲ್ಲ, ಬರುವುದು ಬೇಡ ಅಂತ ನೀವೇ ಹೇಳಿ ಅಜ್ಜಿ."

"ನಾನೇನು ಬಿಳಿಯಾ? ಕಾವಲಿಯ ತಳದ ಹಾಗಿದ್ದೇನೆ."

"ನಿಮ್ಮದು ಬೇರೆ."

ನಕ್ಕರು. ನಾನೂ ನಕ್ಕೆ. ಚಾ ಕೊಟ್ಟೆ.

ಹುಡುಗಿಗೆ "ಪ್ರೋಗ್ರಾಂ ಇಲ್ಲ, ಖಲಾಸ್" ಎಂದೆ. ಮೊಮ್ಮಗಳಿಗೆ "ಅವಳಿಗೆ ಜ್ವರ, ಹತ್ತಿರ ಹೋಗಬೇಡ" ಎಂದೆ. ಇಬ್ಬರೂ ನಂಬಿದರು. ನನ್ನ ಮಾತು ನಂಬದೆ ಅವಕ್ಕೆ ಅಭ್ಯಾಸ ಇರಲಿಲ್ಲ.

ಕಾರ್ಯಕ್ರಮದ ಸಂಜೆ ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಮೊಮ್ಮಗಳು ಕುಣಿತದ ಹಸಿರು ಲಂಗ ತೊಟ್ಟು, ಜ್ವರದವಳಿಗೆ ತೋರಿಸಿ ಬರುತ್ತೇನೆಂದು ಎದುರು ಮನೆಯ ಬೆಲ್ ಒತ್ತಿಯೇಬಿಟ್ಟಳು. ಹುಡುಗಿ ಬಾಗಿಲು ತೆಗೆದಳು. ಲಂಗ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಪ್ರೋಗ್ರಾಂ ಇಲ್ಲ ಅಂದ್ರಿ ಅಲ್ವಾ ಅಜ್ಜಿ?"

"ಲೇಟಾಯ್ತು, ಯಲ್ಲಾ, ನಡೆ ನಡೆ" ಎಂದು ಮೊಮ್ಮಗಳ ಕೈ ಎಳೆದುಕೊಂಡು ಲಿಫ್ಟಿಗೆ ಹೊಕ್ಕೆ. ಅಷ್ಟೇ ನಾನು ಮಾಡಿದ್ದು...

ಮರುದಿನ ಅವಳ ಅಮ್ಮ ನಮ್ಮ ಸ್ಟೀಲಿನ ಡಬ್ಬಿ ತೊಳೆದು ತಂದುಕೊಟ್ಟಳು. ಖರ್ಜೂರವೋ ಬಿಸ್ಕತ್ತೋ ಹಾಕದೆ ಡಬ್ಬಿ ಹಿಂದೆ ಕೊಟ್ಟವರಲ್ಲ ಅವರು. ಅವತ್ತು ಖಾಲಿ. ಹುಡುಗಿ ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ರಜೆಯಲ್ಲಿ ಅವರು ಉಮ್ಮ್ ಸಲಾಲ್‌ಗೆ ಮನೆ ಬದಲಿಸಿದರು. ಆ ಮೂವರು ಹೆಂಗಸರು "ಬೇಡ ಅಂದದ್ದು ಅಜ್ಜಿಯೇ" ಎಂದು ಊರಿಡೀ ಹೇಳಿಕೊಂಡು ಬಂದರಂತೆ. ಅವರು ನನಗೆ ಕೈಕೊಟ್ಟದ್ದು ಹೌದು. ನಾನು ಅವಳಿಗೆ ಕೊಟ್ಟದ್ದರ ಮುಂದೆ ಅದು ಏನೂ ಅಲ್ಲ.

ಕ್ಲಿನಿಕ್ಕಿನಿಂದ ಬಂದು ಮೊಮ್ಮಗಳ ಹತ್ತಿರ, ಆ ಹುಡುಗಿ ಈಗ ಎಲ್ಲಿದ್ದಾಳೋ ಏನೋ ಎಂದೆ.

"ಇಲ್ಲೇ ದೋಹಾದಲ್ಲೇ. ಕೆಲಸ ಸಿಕ್ಕಿದೆ. ವಾರಕ್ಕೊಮ್ಮೆ ಮಾತಾಡ್ತೇವೆ."

ಇಷ್ಟು ವರ್ಷ ಇವಳು ನನಗೆ ಹೇಳಿಯೇ ಇರಲಿಲ್ಲ.

"ನನ್ನ ಸುದ್ದಿ ಕೇಳ್ತಾಳಾ?"

"ಇಲ್ಲ ಅಜ್ಜಿ."

ಕೇಳುವುದು ಬೇಡ. ಅವಳ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲ.