ಏಳು ಮನೆಯ ದ್ರಾಕ್ಷಿ

ನಮ್ಮ ಹೆಡ್ಮಾಸ್ಟರ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಚೈನಿನ ಎಣ್ಣೆಯ ಒಂದು ಕಪ್ಪು ಪಟ್ಟೆ ಇತ್ತು. ದಿನದ ಸ್ನಾನ ಹೋಗಲಿ, ದೀಪಾವಳಿಯ ಎಣ್ಣೆಸ್ನಾನಕ್ಕೂ ಅದು ಜಗ್ಗುತ್ತಿರಲಿಲ್ಲ. ಪಂಚೆಯ ಅಂಚು ಚೈನಿಗೆ ಸಿಕ್ಕದಂತೆ ಮೊಣಕಾಲಿನ ಕೆಳಗೆ ಬಾಳೆನಾರಿನಿಂದ ಕಟ್ಟಿಕೊಳ್ಳುತ್ತಿದ್ದರು. ಶಾಲೆ ತಲುಪಿದ ಮೇಲೆ ಅದನ್ನು ಬಿಚ್ಚಲು ಮರೆಯುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಅವರು ಕಣ್ಣು ಮುಚ್ಚಿ ಕೈಮುಗಿದು ನಿಂತರೆ ಎಡಗಾಲು ಹೆಡ್ಮಾಸ್ಟರದ್ದು, ಬಲಗಾಲು ಗದ್ದೆಗೆ ಇಳಿಯಲು ಹೊರಟವರದ್ದು.

ಆಲಂಕಾರಿನಿಂದ ಆಚೆ, ಕುಮಾರಧಾರೆಗೆ ಹತ್ತಿರದ ಆ ಶಾಲೆಗೆ ನಾನು ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ. ನನಗೆ ಇಪ್ಪತ್ತೊಂದು ವರ್ಷ. ಊರಿನವರು ನೋಡಿದ ಕೂಡಲೇ ‘ಸಣ್ಣ ಮಾಸ್ಟ್ರು’ ಎಂದು ಹೆಸರಿಟ್ಟರು. ಹೆಡ್ಮಾಸ್ಟರು ಮಾತ್ರ ಮೊದಲ ದಿನದಿಂದಲೂ ನನ್ನನ್ನು ‘ನೀವು’ ಎಂದೇ ಕರೆದರು. ಸೈಕಲ್ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಪಾಠ ಬರುತ್ತದೆಯೇ ಎಂದು ಕೇಳಿದ್ದು ಅದರ ಮರುದಿನ.

ಸೈಕಲ್ಲಿನ ಅಗತ್ಯ ಏನೆಂದು ಆಫೀಸಿನ ಗೋಡೆ ನೋಡಿದಾಗ ಗೊತ್ತಾಯಿತು. ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆಯನ್ನು ಅಲ್ಲಿ ಅಂಟಿಸಿದ್ದರು. ಚಿತ್ರದಲ್ಲಿ ಒಂದು ಹೊಳೆ, ಅದರ ಎರಡೂ ದಡದ ಇಳಿಜಾರಿನಲ್ಲಿ ಸಾಲುಸಾಲು ದ್ರಾಕ್ಷಿ, ನಡುವಿನ ದಾರಿಯಲ್ಲಿ ಟೊಪ್ಪಿ ಹಾಕಿದ ಒಬ್ಬ ಮನುಷ್ಯ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದಾನೆ. ಅಲ್ಲಿಯವರು ಅದರಿಂದ ವೈನ್ ಮಾಡುತ್ತಾರಂತೆ. ನಮ್ಮ ಹೆಡ್ಮಾಸ್ಟರಿಗೆ ವೈನ್ ಬೇಕಾಗಿರಲಿಲ್ಲ, ಅವರು ಚಹಾಕ್ಕೇ ಹೆದರುವವರು. ಅವರಿಗೆ ಬೇಕಾದದ್ದು ಆ ದಾರಿ. ನಮ್ಮ ಹೊಳೆಗೆ ಎಂತ ಕಡಿಮೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು.

ನಮ್ಮ ಕಡೆ ಆಗ ದ್ರಾಕ್ಷಿ ಎಂದರೆ ರೋಗಿಗಳ ಆಹಾರ. ಪುತ್ತೂರಿನಲ್ಲಿ ಯಾರಾದರೂ ದ್ರಾಕ್ಷಿಯ ಪೊಟ್ಟಣ ಹಿಡಿದು ಬಸ್ಸು ಹತ್ತಿದರೆ, ಯಾರಿಗೆ ಸೌಖ್ಯ ಇಲ್ಲ ಎಂದು ಪಕ್ಕದವರು ವಿಚಾರಿಸುತ್ತಿದ್ದರು. ಹೆಡ್ಮಾಸ್ಟರ ಹೆಂಡತಿಗೆ ಒಮ್ಮೆ ವಿಷಮಶೀತ ಜ್ವರ ಬಂದಾಗ ಇವರು ಪುತ್ತೂರಿಗೆ ಸೈಕಲ್ಲಿನಲ್ಲೇ ಹೋಗಿ ದ್ರಾಕ್ಷಿ ತಂದಿದ್ದರಂತೆ. ಹ್ಯಾಂಡಲಿಗೆ ನೇತುಹಾಕಿದ ಚೀಲ ದಾರಿಯ ಕಲ್ಲು, ಗುಂಡಿಗಳನ್ನೆಲ್ಲ ಲೆಕ್ಕ ಹಾಕಿಕೊಂಡು ಮನೆಗೆ ಬರುವಾಗ ಉಳಿದದ್ದು ಬರೀ ರಸ. ಆಕೆ ಅದನ್ನೇ ಲೋಟಕ್ಕೆ ಬಸಿದು ಕುಡಿದು, ಪಾನನಿರೋಧ ಇರುವಾಗ ಇದೆಂತ ತಂದದ್ದು ಎಂದು ನಗಾಡಿದರಂತೆ. ಜ್ವರ ಬಿಟ್ಟ ಮೇಲೆ, ಇಲ್ಲಿಯೇ ಒಂದು ಬಳ್ಳಿ ನೆಡಬಾರದೇ ಎಂದರಂತೆ. ಅವರು ಹೇಳಿದ್ದು ಒಂದು ಬಳ್ಳಿ. ಇವರು ಘಟ್ಟದ ಮೇಲಿನಿಂದ ಒದ್ದೆ ಗೋಣಿಯಲ್ಲಿ ಕಡ್ಡಿಗಳ ಕಟ್ಟನ್ನೇ ತರಿಸಿ, ಆಲಂಕಾರಿನಿಂದ ಕಡಬದ ದಾರಿಯಾಗಿ ಕೊಲ್ಲಮೊಗ್ರಿನವರೆಗೆ ಏಳು ಮನೆಗಳಲ್ಲಿ ನೆಟ್ಟರು.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಮ್ಮ ಸವಾರಿ ಹೊರಡುತ್ತಿತ್ತು. ಸವಾರಿ ಎಂದದ್ದು ಮರ್ಯಾದೆಗೆ. ಏರು ಬಂದರೆ ಇಳಿದು ದೂಡಬೇಕು. ಅವರ ಸೈಕಲ್ಲಿಗೆ ಬ್ರೇಕ್ ಸರಿಯಿಲ್ಲದ ಕಾರಣ ಇಳುಕಲು ಬಂದರೂ ಇಳಿಯಬೇಕು. ಬೆಲ್ ಇರಲಿಲ್ಲ, ತಿರುವಿನಲ್ಲಿ ದೊಡ್ಡದಾಗಿ ಕೆಮ್ಮುತ್ತಿದ್ದರು. ನಾನು ಬೇಗ ಹೋಗೋಣ ಎಂದರೆ ಒಂದೇ ಉತ್ತರ: “ಎಂತ ಅವಸರ ಮಾರಾಯ್ರೆ, ಹೊಳೆ ಎಲ್ಲಿಗೂ ಹೋಗುದಿಲ್ಲ.” ನಾವು ಮಾತಾಡುತ್ತಿರುವಾಗಲೇ ಹೊಳೆ ಉಪ್ಪಿನಂಗಡಿಯ ಕಡೆಗೆ ಹೋಗುತ್ತಲೇ ಇರುತ್ತಿತ್ತು.

ಊರಿನವರು ಅವರನ್ನು ನೋಡಿ ನಗುತ್ತಿದ್ದರು, ಆದರೆ ಮನೆಗೆ ಬಂದರೆ ಬೆಲ್ಲ ನೀರು ಕೊಡದೆ ಕಳಿಸುತ್ತಿರಲಿಲ್ಲ. ಹೆಡ್ಮಾಸ್ಟರು ದ್ರಾಕ್ಷಿ ಬೆಳೆದು ಕಳ್ಳಭಟ್ಟಿ ಇಡುತ್ತಾರೆ ಎಂದು ಯಾರೋ ಮೂಗರ್ಜಿ ಬರೆದರು. ವಿಚಾರಣೆಗೆ ಬಂದ ಪೊಲೀಸಿನವನು ಕಾಯಿಯೇ ಇಲ್ಲದ ಬಳ್ಳಿಯನ್ನು ಸುತ್ತಲೂ ನೋಡಿ, ತನಗೂ ಒಂದು ಕಡ್ಡಿ ಬೇಕೆಂದು ಕೇಳಿ ಪಡೆದುಕೊಂಡು ಹೋದ.

ಕಾಯಿ ಇಲ್ಲದ್ದಕ್ಕೆ ಕಾರಣ ಉಂಟು. ದ್ರಾಕ್ಷಿ ಬಳ್ಳಿಯನ್ನು ಮಳೆ ಮುಗಿದ ಕೂಡಲೇ ಕತ್ತರಿಸಬೇಕು, ಬೋಳು ಕೋಲು ಉಳಿಯುವಷ್ಟು. ಆಗ ಮಾತ್ರ ಹೊಸ ಚಿಗುರಿನಲ್ಲಿ ಹೂ. ನಮ್ಮ ಹೆಂಗಸರು ಅದನ್ನು ಬಾವಿಕಟ್ಟೆಯ ಬಳಿ, ಬಸಳೆಯ ಪಕ್ಕದಲ್ಲೇ ಚಪ್ಪರ ಹಾಕಿ ಸಾಕಿದ್ದರು. ಬಚ್ಚಲ ನೀರು, ಸೆಗಣಿ, ಸುಡುಮಣ್ಣು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಬಳ್ಳಿಗಳು ಕೊಬ್ಬಿ ಚಪ್ಪರ ಮುಚ್ಚಿದ್ದವು. ಒಬ್ಬರು ಅದರ ಚಿಗುರಿನ ತಂಬುಳಿ ಮಾಡಿ ನಮಗೆ ಬಡಿಸಿದ್ದರು, ಚೆನ್ನಾಗಿಯೇ ಇತ್ತು. ಆದರೆ ಕತ್ತರಿ ತೋರಿಸಿದರೆ ಸಾಕು, ಮನೆಯೊಡತಿ ಬಳ್ಳಿಗೆ ಅಡ್ಡ ನಿಲ್ಲುತ್ತಿದ್ದರು. ಹೆಡ್ಮಾಸ್ಟರು ಎರಡು ವರ್ಷ ಹಾಗೆಯೇ ಸೋತು ಬಂದರು.

ಮೂರನೆಯ ವರ್ಷ ಅವರ ನಿವೃತ್ತಿಯ ವರ್ಷ. ಕುರ್ಚಿ ಬಿಡುವ ಮೊದಲು ಹೊಳೆಬದಿಯ ಒಂದು ಗೊಂಚಲಾದರೂ ಹೆಂಡತಿಯ ಕೈಗೆ ಕೊಡುತ್ತೇನೆ ಎಂದು ಎಲ್ಲರ ಎದುರು ಹೇಳಿಬಿಟ್ಟಿದ್ದರು. ಅದೇ ವರ್ಷ ನವರಾತ್ರಿ ಮುಗಿದ ವಾರ ಸೊಂಟ ಉಳುಕಿ ಚಾಪೆ ಹಿಡಿದರು. ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. “ನೋಡಿ ಮಾಸ್ಟ್ರೇ, ಅವರು ಎಂತ ಹೇಳಿದ್ರೂ ಕೇಳ್ಬೇಡಿ. ಕತ್ತರಿಸಿಯೇ ಬನ್ನಿ.”

ನಾನು ಹೊರಟದ್ದು ಯುದ್ಧಕ್ಕೆ ಹೊರಟ ಹಾಗೆಯೇ. ಮೊದಲ ಮನೆಯ ಅಮ್ಮ ಬಸಳೆ ಕೊಯ್ಯುತ್ತಿದ್ದರು. ನನ್ನ ಕೈಯ ಕತ್ತರಿ ನೋಡಿ ಸಮಾಧಾನದಲ್ಲೇ ಕೇಳಿದರು: “ಬಸಳೆ ಆದ್ರೆ ಪದಾರ್ಥಕ್ಕೆ ಕೊಯ್ಯುದು. ಇದನ್ನು ಬಿಸಾಡ್ಲಿಕ್ಕೆ ಕತ್ತರಿಸುದು ಎಂತಕ್ಕೆ ಮಾಸ್ಟ್ರೇ? ಹಸಿರು ಬಳ್ಳಿ ಅಲ್ವಾ?” ಅವಲಕ್ಕಿ ತಿಂದು, ಕಾಫಿ ಕುಡಿದು, ಕತ್ತರಿಯನ್ನು ಚೀಲಕ್ಕೆ ಹಾಕಿ ಹೊರಟೆ. ಎರಡನೆಯ ಮನೆಯಲ್ಲಿ ಹಲಸಿನ ಹಪ್ಪಳ. ಮೂರನೆಯದರಲ್ಲಿ ಊಟ. ಹೀಗೆ ಆರು ಮನೆಯಲ್ಲಿ ಹೊಟ್ಟೆ ತುಂಬಿತೇ ಹೊರತು ಒಂದು ಎಲೆ ಉದುರಲಿಲ್ಲ. ಏಳನೆಯದು ಕೊಲ್ಲಮೊಗ್ರಿನಲ್ಲಿ ಕಾಡಿನ ಅಂಚಿನ ಒಬ್ಬ ಅಜ್ಜನ ಮನೆ. ಅಲ್ಲಿಯವರೆಲ್ಲ ಮದುವೆಗೆ ಹೋಗಿದ್ದರು. ಕಟ್ಟಿದ ನಾಯಿಯೊಂದು ಬೊಗಳುತ್ತಿತ್ತು. ಅಡ್ಡ ನಿಲ್ಲುವವರು ಯಾರೂ ಇಲ್ಲದಾಗ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಬಳ್ಳಿಯನ್ನು ಬೋಳಿಸಿ ಬಿಟ್ಟೆ.

ಭಾನುವಾರ ಸಂಜೆ ಹೆಡ್ಮಾಸ್ಟರು ಚಾಪೆಯಿಂದಲೇ ತಲೆ ಎತ್ತಿ, ಎಲ್ಲ ಆಯಿತೇ ಎಂದು ಕೇಳಿದರು. ಆಯಿತು ಸರ್ ಎಂದೆ. ಅವರ ಮುಖ ಅರಳಿದ್ದನ್ನು ನೋಡಿದ ಮೇಲೆ ನಿಜ ಹೇಳುವ ಬಾಗಿಲು ಮುಚ್ಚಿಹೋಯಿತು.

ಮಾರ್ಚ್ ತಿಂಗಳಲ್ಲಿ ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಬಿಗಿದುಕೊಂಡು, ಹಣ್ಣು ನೋಡಲು ಹೊರಟೇಬಿಟ್ಟರು. ನಾನೂ ಹಿಂದೆ ಹೊರಟೆ, ಸೈಕಲ್ ಪಂಕ್ಚರ್ ಆಗಲಿ ಎಂದು ದೇವರಿಗೆ ಹೇಳಿಕೊಳ್ಳುತ್ತ. ಆಗಲಿಲ್ಲ. ಮೊದಲ ಮನೆಯ ಚಪ್ಪರದಲ್ಲಿ ಎಲೆ ಬಿಟ್ಟರೆ ಬೇರೇನೂ ಇಲ್ಲ. ಅಮ್ಮ ನನ್ನನ್ನು ಹೊಗಳಿದರು: “ನಿಮ್ಮ ಸಣ್ಣ ಮಾಸ್ಟ್ರು ಒಳ್ಳೆಯವರು. ಹೇಳಿದ ಕೂಡ್ಲೆ ಕೇಳಿದ್ರು. ಒಂದು ಕಡ್ಡಿ ಸಹ ಮುಟ್ಟಲಿಲ್ಲ.”

ಹೆಡ್ಮಾಸ್ಟರು ನನ್ನನ್ನು ನೋಡಿದರು. ನಾನು ಬಾವಿಯೊಳಗೆ ನೋಡಿದೆ. ಹಾರಿಬಿಡುವಷ್ಟು ನಾಚಿಕೆಯಾಗಿತ್ತು. ಅವರು ಬೆಲ್ಲ ನೀರು ಕುಡಿದು ಲೋಟ ಕೆಳಗಿಟ್ಟು ಎದ್ದರು. ದಾರಿಯಲ್ಲಿ ತಿರುವು ಇಲ್ಲದಲ್ಲಿಯೂ ಎರಡು ಸಲ ಕೆಮ್ಮಿದರು.

ಎರಡನೆಯ ಮನೆಯ ಅಂಗಳದಲ್ಲಿ ಆ ಮನೆಯವರು ಬಾಯಿ ತೆರೆಯುವ ಮೊದಲೇ ಇವರು ಶುರುಮಾಡಿದರು: “ಈ ಸಲ ಕತ್ತರಿಸುದು ಬೇಡ ಅಂತ ನಾನೇ ಹೇಳಿದ್ದು ಅಕ್ಕ. ನನ್ನದೇ ತಪ್ಪು.” ಮೂರನೆಯ ಮನೆಯಲ್ಲಿಯೂ ಅದೇ ಮಾತು. ಆರನೆಯ ಮನೆಯವರೆಗೂ ಅದೇ. ಎರಡು ವರ್ಷ ಕತ್ತರಿಸಿ, ಕತ್ತರಿಸಿ ಎಂದು ಹೊಳೆಬದಿಯುದ್ದಕ್ಕೂ ಜಗಳ ಕಾದ ಮನುಷ್ಯ, ತನ್ನ ಮಾತನ್ನು ತಾನೇ ನುಂಗಿಕೊಂಡು ಹೋಗುತ್ತಿದ್ದರು. ನಾನು ಅವರ ಹಿಂದಿನ ಚಕ್ರವನ್ನೇ ನೋಡುತ್ತ ಸೈಕಲ್ ದೂಡಿದೆ.

ಮರುದಿನ ಬೆಳಿಗ್ಗೆ ಕೊಲ್ಲಮೊಗ್ರು ತಲುಪಿದಾಗ ಅಜ್ಜ ಅಂಗಳದಲ್ಲೇ ಕಾಯುತ್ತಿದ್ದರು. ಮದುವೆಯಿಂದ ಬಂದು ನೋಡಿದರೆ ಬಳ್ಳಿಯೇ ಇರಲಿಲ್ಲ, ದನ ತಿಂದಿತೆಂದು ಹಟ್ಟಿಯಲ್ಲಿದ್ದ ದನಗಳಿಗೆಲ್ಲ ಬೈದೆ ಎಂದು ಆ ಕಡೆಯ ಅರೆಭಾಷೆ ಕನ್ನಡದಲ್ಲಿ ಹೇಳುತ್ತ ಚಪ್ಪರದ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಗೊಂಚಲು ನೇತಾಡುತ್ತಿತ್ತು. ಒಂದೇ ಒಂದು. ಅರ್ಧ ಕಪ್ಪು, ಅರ್ಧ ಹಸಿರು. ಹೆಡ್ಮಾಸ್ಟರು ಚಪ್ಪರದ ಅಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೆಳಗಿನಿಂದ ಅದನ್ನು ನೋಡುತ್ತ ಬಹಳ ಹೊತ್ತು ನಕ್ಕರು. ಆಮೇಲೆ ಬೈರಾಸಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ವಾಪಸು ಬರುವಾಗ ಗೊಂಚಲನ್ನು ಚೀಲಕ್ಕೆ ಹಾಕಲಿಲ್ಲ. ಒಮ್ಮೆ ಬುದ್ಧಿ ಬಂದಿತ್ತಲ್ಲ. ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಸೈಕಲ್ ದೂಡುತ್ತ ನಡೆದರು. ಸವಾರಿಯ ಮಾತೇ ಇಲ್ಲ. ಹೋದ ಮನೆಗಳಿಗೆಲ್ಲ ಮತ್ತೆ ಹೊಕ್ಕು, ಇದು ಕತ್ತರಿಸಿದ ಬಳ್ಳಿಯದ್ದು ಎಂದು ತೋರಿಸಿ, ಮನೆಗೆರಡರಂತೆ ಹಣ್ಣು ಕೊಟ್ಟರು. ತಿಂದವರೆಲ್ಲ ಹುಳಿಗೆ ಮುಖ ಹಿಂಡಿದರು, ಆದರೆ ಬರುವ ವರ್ಷ ಕತ್ತರಿ ತನ್ನಿ ಎಂದರು. ಬಹಳ ರಾತ್ರಿಯಾಗಿ ಮನೆ ಮುಟ್ಟಿದಾಗ ತೊಟ್ಟಿನಲ್ಲಿ ಎಂಟೋ ಹತ್ತೋ ಹಣ್ಣು ಉಳಿದಿದ್ದವು. ಅವರ ಹೆಂಡತಿ ಒಂದನ್ನು ಬಾಯಿಗೆ ಹಾಕಿ ಒಂದು ಕಣ್ಣು ಮುಚ್ಚಿಕೊಂಡರು. ಮೊದಲು ತಂದದ್ದೇ ರುಚಿ ಇತ್ತು ಎಂದರು. ಮತ್ತೆ ಇನ್ನೊಂದು ತೆಗೆದುಕೊಂಡರು.

ಹೆಡ್ಮಾಸ್ಟರು ಎಂದೂ ನನ್ನ ಸುಳ್ಳಿನ ಸುದ್ದಿ ಎತ್ತಲಿಲ್ಲ. ನಿವೃತ್ತಿಯಾದ ಮೇಲೆ ಕತ್ತರಿ ನನ್ನ ಪಾಲಿಗೆ ಬಂತು. ಅರವತ್ತರ ದಶಕದ ಕೊನೆಯಲ್ಲಿ ಅವರು ಹಾಸಿಗೆ ಹಿಡಿದಾಗ, ಮೊದಲ ಮನೆಯ ಅಮ್ಮ ಕೊಟ್ಟ ಗೊಂಚಲು ಹಿಡಿದು ಹೋದೆ. ಆ ಹೊತ್ತಿಗೆ ನನಗೂ ಮಕ್ಕಳಾಗಿದ್ದವು, ಮೀಸೆಯೂ ಬಂದಿತ್ತು. ಇಷ್ಟು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ: ಸುಳ್ಳು ಹೇಳಿದವನು ನಾನು, ತಪ್ಪು ತನ್ನದೆಂದು ಅವರು ಯಾಕೆ ಹೇಳಿದರು?

ಅವರು ದ್ರಾಕ್ಷಿಯ ಹುಳಿಗೆ ಮುಖ ಹಿಂಡಿ, ಅದು ಇಳಿಯುವವರೆಗೆ ಕಾದು ಹೇಳಿದರು: “ಮೊದಲ ಮನೆಯಲ್ಲಿ ನಿಮಗೆ ನಾಚಿಕೆ ಆದದ್ದು ನೋಡಿದೆ. ಒಂದು ತಪ್ಪಿಗೆ ಒಂದು ಸಲ ಸಾಕು. ಇನ್ನೂ ಐದು ಮನೆಯಲ್ಲಿ ಎಂತಕ್ಕೆ ಮಾರಾಯ್ರೆ?”

ಆ ಮಳೆಗಾಲ ಅವರು ತೀರಿಕೊಂಡರು. ನಾನು ಆಮೇಲೆ ಬಹಳ ವರ್ಷ ಪಾಠ ಮಾಡಿದೆ. ಮಗ್ಗಿ ತಪ್ಪಿದವರು, ಕಾಪಿ ಬರೆಯದವರು, ಸುಳ್ಳು ಹೇಳಿ ಆಟಕ್ಕೆ ಹೋದವರು ಎಷ್ಟೋ ಮಕ್ಕಳು ನನ್ನ ಎದುರು ತಲೆ ತಗ್ಗಿಸಿ ನಿಂತರು. ಒಂದು ತಪ್ಪಿಗೆ ಯಾರನ್ನೂ ನಾನು ಎರಡನೆಯ ಸಲ ನಿಲ್ಲಿಸಲಿಲ್ಲ.