ಸೀಗಡಿ ಕಡುಬಿನ ಕ್ಯಾಂಟನೀಸ್ ಹೆಸರು

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಕುವೈತಿನ ಶರ್ಕ್‌ನಲ್ಲಿ ನಮ್ಮ ಆಫೀಸು. ನನ್ನ ಪಕ್ಕದ ಡ್ರಾಯಿಂಗ್ ಬೋರ್ಡು ಹಾಂಗ್‌ಕಾಂಗಿನ ಒಬ್ಬ ಎಂಜಿನಿಯರನದು. ನನಗಾಗ ಮದುವೆಯಾಗಿರಲಿಲ್ಲ. ಶುಕ್ರವಾರದ ರಜೆ ಬಂತೆಂದರೆ ಭಯ. ಯಾರೊಡನೆಯೂ ಒಂದು ಮಾತಾಡದೆ ಸಂಜೆಯಾಗಿಬಿಡುತ್ತಿತ್ತು. ಅವನು ಮಾತ್ರ ಹೆಂಡತಿ ಮಕ್ಕಳೊಡನೆ ಸಾಲ್ಮಿಯಾದ ಚೀನೀ ಹೋಟೆಲಿಗೆ ಡಿಮ್ ಸಮ್ ಎಂಬ ಹಬೆಯ ತಿಂಡಿಗಳನ್ನು ತಿನ್ನಲು ಹೋಗುತ್ತಿದ್ದ.

“ತಿಂಡಿಗಳ ಹೆಸರು ಕಲಿತುಕೋ, ಕರ್ಕೊಂಡು ಹೋಗ್ತೀನಿ. ಆದರೆ ಆರ್ಡರ್ ನೀನೇ ಕೊಡಬೇಕು,” ಎಂದ ಒಮ್ಮೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

ಚಹಾದ ಬಿಡುವಿನಲ್ಲಿ ಅವನ ಕ್ಯಾಂಟನೀಸ್ ಭಾಷೆಯ ಪಾಠ. ದನಿಯ ಏರಿಳಿತ ತಪ್ಪಿದರೆ ಅರ್ಥವೇ ಬೇರೆ. ತೆಳು ಹಿಟ್ಟಿನೊಳಗೆ ಸೀಗಡಿ ತುಂಬಿದ ಕಡುಬು ಹಾ ಗಾವ್. ಬಾಯಿ ತೆರೆದದ್ದು ಸಿಯು ಮಾಯ್. ಅವನ ಊರಲ್ಲಿ ಅದಕ್ಕೆ ಹಂದಿಮಾಂಸ, ಇಲ್ಲಿ ಕೋಳಿ. ಯಾರಾದರೂ ಬಟ್ಟಲಿಗೆ ಚಹಾ ಬಗ್ಗಿಸಿದರೆ ಬೆರಳಿನಿಂದ ಮೇಜು ತಟ್ಟಬೇಕು, ಅದೇ ಧನ್ಯವಾದ. ಇನ್ನೂ ಎಷ್ಟೋ ಕಲಿತಿದ್ದೆ. ಈಗ ನಾಲಿಗೆಗೆ ಬರುವುದು ಇಷ್ಟೇ, ಅದೂ ರಾಗ ಕಳೆದುಕೊಂಡು.

ಕೊನೆಗೊಂದು ಶುಕ್ರವಾರ ಬೆಳಿಗ್ಗೆ ಕರೆದೊಯ್ದ. ನಾನು ಆರ್ಡರ್ ಕೊಡುತ್ತಿದ್ದಂತೆ ಅವನ ಮಗಳು, “ಅಂಕಲ್, ಹಾಡ್ತಿದ್ದೀರಾ?” ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ. ಆದರೂ ಕಡುಬು ತುಂಬಿದ ಬಿದಿರಿನ ಬುಟ್ಟಿಗಳು ಬಂದವು. ಅವನ ಹೆಂಡತಿ ಚಹಾ ಬಗ್ಗಿಸಿದರು; ನಾನು ಮೇಜು ತಟ್ಟಿದೆ.

ವಾಪಸು ನನ್ನ ಮನೆಯ ಮುಂದೆ ಕಾರು ನಿಲ್ಲಿಸಿ, “ಮುಂದಿನ ವಾರವೂ ಬಾ,” ಎಂದ.

“ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ,” ಎಂದೆ.

ನಮ್ಮ ಕಡೆ ಕರೆದ ಕೂಡಲೇ ಒಪ್ಪಿಕೊಳ್ಳುವುದಿಲ್ಲ. ಎಲೆಯ ಮುಂದೆ ಕೂತವರು ಸಾಕು ಎಂದಾಗಲೇ ಬಡಿಸುವವರ ಒತ್ತಾಯ ಶುರುವಾಗುವುದು. ನಾನು ಆ ಒತ್ತಾಯಕ್ಕೆ ಕಾದೆ. ಅವನು “ಸರಿ ಹಾಗಾದರೆ” ಎಂದು ಗೇರ್ ಹಾಕಿದ. ಮುಖದಲ್ಲಿ ನಗುವಿತ್ತೇ? ಇತ್ತೆಂದು ಬಹಳ ಕಾಲ ನಂಬಿದ್ದೆ. ಬಹುಶಃ ಅದು ನಾನು ಆಮೇಲೆ ಸೇರಿಸಿದ್ದು. ಅವರಲ್ಲೂ ಮೊದಲು ಬೇಡ ಎನ್ನುವ ಪದ್ಧತಿಯಿದೆಯೆಂದು ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು. ಹಾಗಿದ್ದರೆ ಅವನಿಗೆ ಅರ್ಥವಾಗಿತ್ತೇ? ಅರ್ಥವಾಗಿಯೂ ಹೊರಟನೇ?

ಮುಂದಿನ ಶುಕ್ರವಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಏರ್‌ಕಂಡಿಷನರ್ ಆರಿಸಿ ಕೂತೆ. ಅದರ ಸದ್ದಿನಲ್ಲಿ ಅವನ ಕಾರಿನ ಹಾರ್ನ್ ಕೇಳಿಸದೆ ಹೋದೀತೆಂದು. ಹೆಸರುಗಳನ್ನು ಮತ್ತೆ ಮತ್ತೆ ಹೇಳಿಕೊಂಡೆ. ಮಧ್ಯಾಹ್ನದ ನಮಾಜಿನ ಕರೆ ಕೇಳಿದ ಮೇಲೆ ಅನ್ನಕ್ಕಿಟ್ಟೆ.

ಶನಿವಾರ ಬೋರ್ಡಿನಾಚೆಯಿಂದ, “ರಜೆ ಹೇಗಿತ್ತು?” ಎಂದು ಕೇಳಿದ.

“ಫಸ್ಟ್ ಕ್ಲಾಸ್,” ಎಂದೆ.