ಚಪ್ಪಲಿ ಬಿಟ್ಟು ಕೊಟ್ಟ ಅರ್ಜಿ

ಸರಕಾರಿ ಕಚೇರಿಯೊಳಗೆ ಕಟ್ಟಿರುವ ಪುಟ್ಟ ಗುಡಿಯನ್ನು ತೆಗೆಸಿರಿ, ಸರಕಾರಕ್ಕೆ ಧರ್ಮವಿಲ್ಲ ಎಂದು ಅರ್ಜಿ ಬರೆದು, ಗೋಗಿಯಿಂದ ಆಟೋ ಹಿಡಿದು ಶಹಾಪುರಕ್ಕೆ ಹೋದೆ. ನಿವೃತ್ತನಿಗೆ ಇದಕ್ಕಿಂತ ಖುಷಿಯ ಕೆಲಸ ಇನ್ನೇನಿದೆ ಹೇಳಿ! ಆ ಕಚೇರಿಯ ಬಾಗಿಲಲ್ಲೇ ಗುಮಾಸ್ತ ತಡೆದ.

“ಚಪ್ಪಲಿ ಹೊರಗ ಬಿಡ್ರಿ ಸರ್, ಒಳಗ ದೇವರು ಅದಾನ.”

“ಇದು ಆಫೀಸು ತಮ್ಮಾ, ಗುಡಿಯಲ್ಲ. ಅದನ್ನೇ ಬರಕೊಂಡು ಬಂದೀನಿ.”

ಅವನು ಅರ್ಜಿಯನ್ನು ಪೂರ್ತಿ ಓದಿ ನಕ್ಕ. “ಖರೇ ಅದರಿ. ಆದರ ಸಾಹೇಬ್ರು ತೀರ್ಮಾನ ಮಾಡೋತನಕ ಬಿಡಬೇಕಲ್ರಿ?”

ಸ್ವೀಕೃತಿಯ ಮೊಹರು ಬೇಕಿತ್ತು, ಚಪ್ಪಲಿ ಬಿಟ್ಟೆ. ಅವನು ಮೊಹರು ಒತ್ತಿ, ಅರ್ಜಿಯನ್ನು ದೇವರ ಪಾದಕ್ಕೆ ಮುಟ್ಟಿಸಿ ಕಡತದಲ್ಲಿಟ್ಟ.

ಉತ್ತರ ಕೇಳಲು ಆಮೇಲೆ ನಾಲ್ಕು ಸಲ ಹೋಗಿದ್ದೇನೆ. ಈಗ ನನಗೆ ಯಾರೂ ಹೇಳಬೇಕಿಲ್ಲ, ಬಾಗಿಲು ಬಂದರೆ ಕಾಲೇ ಚಪ್ಪಲಿ ಬಿಡುತ್ತದೆ. ತಕರಾರು ತೆಗೆದವರಿಗೆ ಗುಮಾಸ್ತ ನನ್ನನ್ನೇ ತೋರಿಸುತ್ತಾನೆ: “ಗುಡಿ ಬ್ಯಾಡಂತ ಅರ್ಜಿ ಕೊಟ್ಟ ಸರ್ರೇ ಬಿಟ್ಟಾರ, ನಿಮ್ಮದೇನ್ರಿ?”